ಮದುವೆ ದಿನಕ್ಕೆ ಮಕ್ಕಳನ್ನು ಬಿಟ್ಟು ಇಬ್ಬರೇ ಕಾರಲ್ಲಿ ಹೊರಟಿದ್ದೇವೆ, ಹೋಗಿ ಬಂದವರು ಹೇಳಿ

ಕಿಟಕಿ_ಸೀಟು:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಮದುವೆ ವಾರ್ಷಿಕೋತ್ಸವ. ಈ ಸಲ ಮಕ್ಕಳನ್ನು ಅತ್ತೆ ಮಾವನ ಹತ್ತಿರ ಬಿಟ್ಟು ನಾವಿಬ್ಬರೇ ಕಾರಲ್ಲಿ ಕೆಲವು ದಿನ ಸುತ್ತಿ ಬರೋಣ ಅಂತ ತೀರ್ಮಾನ ಮಾಡಿದ್ದೇವೆ. ದೊಡ್ಡವಳಿಗೆ ಎಂಟು ವರ್ಷ, ಚಿಕ್ಕವನಿಗೆ ಮೂರು. ಇಲ್ಲಿಯವರೆಗೆ ಎಲ್ಲಿಗೆ ಹೋದರೂ ನಾಲ್ಕೂ ಜನ ಹೋಗಿದ್ದೇವೆ. ಅದು ಖುಷಿಯೇ. ಆದರೆ ಆ ದಾರಿಯುದ್ದಕ್ಕೂ ನಾನು ಮುಂದಿನ ಸೀಟಲ್ಲಿ ಕೂತು ಹಿಂದಕ್ಕೆ ತಿರುಗಿಕೊಂಡೇ ಇರುತ್ತೇನೆ, ನಮ್ಮಿಬ್ಬರ ಮಾತು ಅಂದರೆ ನೀರಿನ ಬಾಟಲಿ ಎಲ್ಲಿ, ಟಿಶ್ಯೂ ಕೊಡು, ಮಲಗಿದನಾ ನೋಡು, ಇಷ್ಟೇ.

ಕೇಳಬೇಕಾದ್ದು ಮೂರು ವಿಷಯ. ದಿನಕ್ಕೆ ಎಷ್ಟು ದೂರ ಇಟ್ಟುಕೊಳ್ಳೋದು? ನಮ್ಮನೆಯವರು "ಮಕ್ಕಳಿಲ್ಲ ಅಲ್ವಾ, ಬೆಳಗಿನ ಜಾವ ಬಿಟ್ಟರೆ 600 ಕಿಲೋಮೀಟರ್ ಆರಾಮಾಗಿ ಹೋಗಬಹುದು" ಅನ್ನುತ್ತಾರೆ. ನನಗೆ ಅಷ್ಟು ಬೇಡ. ಇನ್ನೊಂದು, ಮೂರು ವರ್ಷದ ಮಗುವಿಗೆ ಇದನ್ನು ಹೇಗೆ ಹೇಳೋದು, ದಿನಕ್ಕೆ ಎಷ್ಟು ಸಲ ಫೋನ್ ಮಾಡೋದು? ಕೊನೆಯದನ್ನು ಕೇಳೋಕೆ ಸ್ವಲ್ಪ ಸಂಕೋಚ, ಆದರೂ ಕೇಳುತ್ತೇನೆ. ಇಷ್ಟು ವರ್ಷ ಮಕ್ಕಳ ಸುತ್ತಲೇ ಮಾತಾಡಿ ಅಭ್ಯಾಸ ಆದ ಮೇಲೆ, ಗಂಟೆಗಟ್ಟಲೆ ಇಬ್ಬರೇ ಕಾರಲ್ಲಿ ಕೂತಾಗ ಏನು ಮಾತಾಡೋದು?

ನಿಧಾನ_ಪ್ರಯಾಣಿಕ:
ಮೊದಲು ಅಭಿನಂದನೆ ಮೇಡಂ. ದೂರದ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ.

ಮಕ್ಕಳು ಜೊತೆಗಿದ್ದಾಗ ಅವರೇ ನಮ್ಮನ್ನು ನಿಲ್ಲಿಸುತ್ತಾರೆ. ಹಸಿವು, ಬಾತ್‌ರೂಮು, ವಾಂತಿ, ಏನೋ ಒಂದು. ಅವರಿಲ್ಲದಿದ್ದರೆ ನಿಲ್ಲಿಸೋಕೆ ಯಾರೂ ಇಲ್ಲ, ಓಡಿಸುತ್ತಲೇ ಇರುತ್ತೇವೆ, ಸಂಜೆ ಇಳಿದಾಗ ಇಬ್ಬರಿಗೂ ಮಾತಾಡೋಕೆ ಶಕ್ತಿ ಇರೋದಿಲ್ಲ. ಹಾಗಾದರೆ ಹೋಗಿದ್ದು ಯಾತಕ್ಕೆ? 600 ಕಿಲೋಮೀಟರ್ ಅಂದರೆ ಸರಾಸರಿ 60ರ ವೇಗದಲ್ಲಿ ಹತ್ತು ಗಂಟೆ ಬರೀ ಚಕ್ರ ತಿರುಗುವ ಸಮಯ. ಊಟ, ತಿಂಡಿ, ಪೆಟ್ರೋಲ್, ಟ್ರಾಫಿಕ್ ಎಲ್ಲ ಸೇರಿದರೆ ದಿನವೇ ಮುಗಿಯಿತು. ಮ್ಯಾಪ್ ನಾಲ್ಕು ಗಂಟೆ ತೋರಿಸುವಷ್ಟು ದಾರಿ ಒಂದು ದಿನಕ್ಕೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅದು ನಿಜವಾಗಿ ಆರು ಗಂಟೆ ಆಗುತ್ತದೆ, ಬೆಳಕಿರುವಾಗಲೇ ತಲುಪುತ್ತೀರಿ, ಸಂಜೆ ಪೂರ್ತಿ ನಿಮ್ಮದು.

ಬೆಳಗಿನ ಜಾವ ಬಿಡೋದರ ಬಗ್ಗೆ ಒಂದು ಮಾತು ನಿಮ್ಮ ಮನೆಯವರಿಗೆ ಓದಿ ಹೇಳಿ. ನಾಲ್ಕಕ್ಕೆ ಎದ್ದು ಹೊರಟವರು ರಾತ್ರಿ ಒಂಬತ್ತಕ್ಕೂ ಸ್ಟೇರಿಂಗ್ ಹಿಡಿದಿದ್ದರೆ ಎಚ್ಚರವಾಗಿ 17 ಗಂಟೆ ಆಗಿರುತ್ತದೆ. ಅಷ್ಟು ಹೊತ್ತು ನಿದ್ದೆ ಇಲ್ಲದವರ ಗಮನ ಮತ್ತು ಪ್ರತಿಕ್ರಿಯೆ, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಅಂತ 1997ರಿಂದಲೇ ಅಧ್ಯಯನಗಳು ಹೇಳುತ್ತಿವೆ. ಎಷ್ಟೋ ದೇಶಗಳಲ್ಲಿ ಕುಡಿದು ಓಡಿಸುವುದಕ್ಕೆ ಹಾಕಿರುವ ಮಿತಿ ಅದೇ. ಕುಡಿದು ಓಡಿಸೋಣ ಅಂತ ಅವರು ಯಾವತ್ತೂ ಹೇಳೋದಿಲ್ಲ ಅಲ್ವಾ, ಇದೂ ಅಷ್ಟೇ ಗಂಭೀರ.

ಇನ್ನೊಂದು ಇದೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಸರಿಯಾಗಿ ಬರೋದಿಲ್ಲ. 2016ರಲ್ಲಿ ಬ್ರೌನ್ ವಿಶ್ವವಿದ್ಯಾಲಯದವರು ಇದನ್ನು ಅಳೆದು ನೋಡಿದರು. ಮೊದಲ ರಾತ್ರಿ ಗಾಢ ನಿದ್ದೆಯಲ್ಲೂ ಮೆದುಳಿನ ಒಂದು ಅರ್ಧ ಇನ್ನೊಂದಕ್ಕಿಂತ ಹಗುರಾಗಿ ಮಲಗಿರುತ್ತದೆ, ಸಣ್ಣ ಸದ್ದಿಗೂ ಬೇಗ ಎಚ್ಚರಾಗುತ್ತದೆ. ಹಾಗಾಗಿ ಎರಡನೇ ದಿನ ಉದ್ದದ ದಾರಿ ಇಡಬೇಡಿ. ಸಾಧ್ಯವಾದರೆ ಒಂದೇ ಕಡೆ ಎರಡು ರಾತ್ರಿ ಉಳಿಯಿರಿ. ದಿನಕ್ಕೊಂದು ರೂಮು ಬದಲಾಯಿಸಿದರೆ ಪ್ರತಿ ರಾತ್ರಿಯೂ ಮೊದಲ ರಾತ್ರಿಯೇ.

ಇಬ್ಬರಿಗೂ ಓಡಿಸೋಕೆ ಬಂದರೆ ಎರಡು ಗಂಟೆಗೊಮ್ಮೆ ಸೀಟು ಬದಲಾಯಿಸಿ.

ಕಿಟಕಿ_ಸೀಟು:
ಓದಿ ಹೇಳಿದೆ ಸರ್. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ ಮ್ಯಾಪ್ ತೆಗೆದು ಹತ್ತಿರದ ಜಾಗ ಹುಡುಕುತ್ತಾ ಕೂತಿದ್ದಾರೆ. ನನಗೂ ಓಡಿಸೋಕೆ ಬರುತ್ತದೆ, ಹೈವೇಯಲ್ಲೂ ಓಡಿಸುತ್ತೇನೆ.

ಇಬ್ಬರ_ಅಮ್ಮ:
ಮಕ್ಕಳ ವಿಷಯ ನಾನು ಹೇಳುತ್ತೇನೆ ಅಕ್ಕ, ಸ್ವಲ್ಪ ಉದ್ದ ಆಗಬಹುದು.

ಎಂಟು ವರ್ಷದವಳ ಚಿಂತೆ ಬಿಡಿ. ಅವಳಿಗೆ ಕ್ಯಾಲೆಂಡರ್ ಗೊತ್ತು, ಯಾವ ದಿನ ಹೋಗಿ ಯಾವ ದಿನ ಬರುತ್ತೀರಿ ಅಂತ ಹೇಳಿದರೆ ಸಾಕು. ಅವಳಿಗೆ ಒಂದು ಕೆಲಸ ಕೊಡಿ. ಆದರೆ "ತಮ್ಮನನ್ನು ನೋಡಿಕೋ" ಅನ್ನುವ ಕೆಲಸ ಬೇಡ, ಅದು ಆ ವಯಸ್ಸಿಗೆ ಭಾರ. ದಿನಕ್ಕೊಂದು ಚಿತ್ರ ಬರೆದಿಡು, ಬಂದ ಮೇಲೆ ನೋಡುತ್ತೇವೆ ಅನ್ನಿ.

ಮೂರು ವರ್ಷದವನದೇ ಬೇರೆ. ಅಮ್ಮ ಕಣ್ಣಿಗೆ ಕಾಣದಿದ್ದರೂ ಎಲ್ಲೋ ಇದ್ದಾಳೆ ಅನ್ನುವುದು ಅವನಿಗೆ ಗೊತ್ತು, ಅದು ಮೊದಲ ಹುಟ್ಟುಹಬ್ಬದ ಹೊತ್ತಿಗೇ ತಿಳಿಯುತ್ತದೆ. ಬಿಟ್ಟರೆ ಅಳುವುದು ಜಾಸ್ತಿ ಇರೋದು ಹತ್ತು ತಿಂಗಳಿಂದ ಒಂದೂವರೆ ವರ್ಷದ ನಡುವೆ. ಮೂರರಲ್ಲಿ ತೊಂದರೆ ಇರೋದು ಕಾಲದ ಲೆಕ್ಕದಲ್ಲಿ. "ಭಾನುವಾರ ಬರುತ್ತೇವೆ" ಅಂದರೆ ಅವನಿಗೆ ಏನೂ ಅರ್ಥ ಆಗೋದಿಲ್ಲ. ಬಣ್ಣದ ಕಾಗದದ ಉಂಗುರ ಮಾಡಿ ಸರಪಳಿ ಜೋಡಿಸಿ, ನೀವು ಇಲ್ಲದ ರಾತ್ರಿಗೊಂದು ಉಂಗುರ. ಬೆಳಿಗ್ಗೆ ಎದ್ದ ಕೂಡಲೇ ಅಜ್ಜಿ ಜೊತೆ ಒಂದನ್ನು ಹರಿಯಲಿ. ಸರಪಳಿ ಮುಗಿದ ದಿನ ಅಪ್ಪ ಅಮ್ಮ ಬರುತ್ತಾರೆ. ಇದು ಅವನ ಕೈಗೆ ಸಿಗುವ ಲೆಕ್ಕ.

ಇನ್ನೊಂದು, ದಯವಿಟ್ಟು ಅವನು ಮಲಗಿದಾಗ ಅಥವಾ ಆಟದಲ್ಲಿ ಮುಳುಗಿದಾಗ ಹೇಳದೆ ಹೋಗಬೇಡಿ. ಅಳು ನೋಡೋಕೆ ಆಗೋದಿಲ್ಲ ಅಂತ ತುಂಬ ಜನ ಹಾಗೇ ಜಾರಿಕೊಳ್ಳುತ್ತಾರೆ. ಅದರಿಂದ ಅಳು ತಪ್ಪೋದಿಲ್ಲ, ನಿಮ್ಮ ಮುಂದೆ ಅಳೋದು ಮಾತ್ರ ತಪ್ಪುತ್ತದೆ, ಆಮೇಲೆ ನೀವು ಪಕ್ಕದ ರೂಮಿಗೆ ಹೋದರೂ ಹಿಂದೆ ಹಿಂದೆ ಬರುತ್ತಾನೆ. ಹೇಳಿ, ಅಪ್ಪಿಕೊಂಡು, ಕೈ ಬೀಸಿ ಹೋಗಿ. ಎರಡು ನಿಮಿಷದಲ್ಲಿ ಮುಗಿಸಿ. ಬಾಗಿಲ ಹತ್ತಿರ ಅರ್ಧ ಗಂಟೆ ನಿಂತರೆ ಮಗುವಿಗೆ ಏನೋ ಭಯ ಪಡುವಂಥದ್ದು ನಡೆಯುತ್ತಿದೆ ಅಂತಲೇ ಅನಿಸುತ್ತದೆ.

ಹೋಗುವ ಮುಂಚೆ ಒಂದು ರಾತ್ರಿ ಅದೇ ಮನೆಯಲ್ಲಿ, ಅದೇ ಹಾಸಿಗೆಯಲ್ಲಿ, ನೀವಿಲ್ಲದೆ ಮಲಗಿ ಅಭ್ಯಾಸ ಆಗಲಿ. ಅವನು ಹಿಡಿದು ಮಲಗುವ ಗೊಂಬೆಯೋ ಬೆಡ್‌ಶೀಟೋ ಇದ್ದರೆ ಒಗೆಯದೆ ಹಾಗೇ ಕಳಿಸಿ, ಮನೆಯ ವಾಸನೆ ಇರಬೇಕು.

ಫೋನು ದಿನಕ್ಕೊಂದು ಸಲ ಸಾಕು. ಮಲಗುವ ಹೊತ್ತಲ್ಲಿ ಬೇಡವೇ ಬೇಡ. ಸುಸ್ತಾಗಿರುವ ಮಗುವಿಗೆ ಆ ಹೊತ್ತಲ್ಲಿ ಅಮ್ಮನ ದನಿ ಕೇಳಿದರೆ ಅಮ್ಮ ಇಲ್ಲ ಅನ್ನುವುದೇ ನೆನಪಾಗುತ್ತದೆ. ಮಧ್ಯಾಹ್ನ ಊಟ ಆದ ಮೇಲೆ ಮಾಡಿ, ಇಲ್ಲವೇ ಬೆಳಿಗ್ಗೆ ಮಾಡಿ. ಅವನು ಮಾತಾಡದೆ ಓಡಿಹೋದರೆ ಬೇಜಾರು ಮಾಡಿಕೊಳ್ಳಬೇಡಿ. ಆಟ ಆಡುತ್ತಿದ್ದಾನೆ ಅಂದರೆ ಚೆನ್ನಾಗಿದ್ದಾನೆ ಅಂತಲೇ ಅರ್ಥ.

ಮನೆ_ಮೊದಲು:
ನನ್ನ ಅಭಿಪ್ರಾಯ ಬೇರೆ, ಹೇಳಬಹುದು ಅಂದುಕೊಳ್ಳುತ್ತೇನೆ. ಮೂರು ವರ್ಷ ಚಿಕ್ಕ ವಯಸ್ಸು. ಇನ್ನೆರಡು ವರ್ಷ ಕಾದರೆ ಈ ಸರಪಳಿ, ಗೊಂಬೆ ಏನೂ ಬೇಡ. ಮದುವೆಯಿಂದ ಬಂದವರೇ ಅಲ್ವಾ ಮಕ್ಕಳು, ಆ ದಿನದ ಖುಷಿಯಲ್ಲಿ ಅವರೂ ಇರಲಿ. ವಯಸ್ಸಾದವರ ಮೇಲೆ ಇಬ್ಬರು ಮಕ್ಕಳನ್ನು ಬಿಟ್ಟು ಹೋಗೋದು ಅವರಿಗೂ ಶ್ರಮ.

ಕಿಟಕಿ_ಸೀಟು:
ನೀವು ಹೇಳಿದ್ದು ನನಗೂ ಅನಿಸಿದೆ, ಅದಕ್ಕೇ ಇಲ್ಲಿ ಕೇಳಿದ್ದು. ಮದುವೆ ದಿನ ಮಕ್ಕಳ ಜೊತೆ ಮನೆಯಲ್ಲೇ ಆಚರಿಸಿ ಮರುದಿನ ಹೊರಡೋದು ಅಂತ ಮಾಡಿದ್ದೇವೆ. ಆದರೆ ಕಾಯುವ ವಿಷಯ ನಾನು ಒಪ್ಪೋದಿಲ್ಲ. ಎರಡು ವರ್ಷ ಕಾದರೆ ಚಿಕ್ಕವನಿಗೆ ಸ್ಕೂಲು, ದೊಡ್ಡವಳಿಗೆ ಪರೀಕ್ಷೆ, ಆಮೇಲೆ ಇನ್ನೊಂದು. ಮಕ್ಕಳು ಬೆಳೆದು ಹೊರಟ ಮೇಲೆ ಮನೆಯಲ್ಲಿ ಉಳಿಯುವವರು ನಾವಿಬ್ಬರೇ. ಆಗ ಪರಿಚಯ ಮಾಡಿಕೊಳ್ಳೋಕೆ ಶುರು ಮಾಡೋದು ಬೇಡ ಅಂತ ನನ್ನ ಆಸೆ.

ಅಜ್ಜಿ_ಮನೆ:
ನಾನು ಮೊಮ್ಮಕ್ಕಳನ್ನು ನೋಡಿಕೊಳ್ಳುವ ಕಡೆಯವಳು, ಹಾಗಾಗಿ ಬರೆಯುತ್ತಿದ್ದೇನೆ. ಶ್ರಮ ಇದೆ ನಿಜ, ಇಲ್ಲ ಅನ್ನೋದಿಲ್ಲ. ಆದರೆ ಕೇಳುವ ಮುಂಚೆಯೇ ಅವರಿಗೆ ಆಗೋದಿಲ್ಲ ಅಂತ ಬೇರೆಯವರು ತೀರ್ಮಾನ ಮಾಡಬಾರದು. ನನ್ನ ಮಗ ಸೊಸೆ ಇಬ್ಬರೇ ಹೋಗಿ ಬಂದಾಗ ಇಬ್ಬರ ಮುಖದಲ್ಲೂ ಬೇರೆಯೇ ಕಳೆ ಇರುತ್ತದೆ, ಅದು ನೋಡೋಕೆ ನನಗೆ ತುಂಬ ಇಷ್ಟ.

ನಮಗೆ ಬೇಕಾದ್ದು ಏನು ಅಂತ ಹೇಳುತ್ತೇನೆ ಕೇಳಮ್ಮ. ಮಗುವಿನ ತೂಕ ಬರೆದಿಡು. ಜ್ವರದ ಔಷಧಿ ಆ ತೂಕಕ್ಕೆ ಎಷ್ಟು, ಎಷ್ಟು ಗಂಟೆಗೊಮ್ಮೆ ಅಂತ ಡಾಕ್ಟರ ಹತ್ತಿರ ಬರೆಸಿಡು, ರಾತ್ರಿ ಹೊತ್ತಲ್ಲಿ ಬಾಟಲಿ ಮೇಲಿನ ಸಣ್ಣ ಅಕ್ಷರ ಓದೋಕೆ ನಮಗೆ ಆಗೋದಿಲ್ಲ. ಯಾವುದಕ್ಕೆ ಅಲರ್ಜಿ ಇದೆ ಅಂತ ಬರೆ. ಇನ್ಶೂರೆನ್ಸ್ ಕಾರ್ಡಿನ ನಕಲು, ಡಾಕ್ಟರ ನಂಬರು ಕೊಡು. ನೀವಿಲ್ಲದಾಗ ಚಿಕಿತ್ಸೆ ಕೊಡಿಸಲು ನಮಗೆ ಅನುಮತಿ ಇದೆ ಅಂತ ಸಹಿ ಹಾಕಿದ ಒಂದು ಚೀಟಿಯೂ ಇರಲಿ, ಕೆಲವು ಕಡೆ ಕೇಳುತ್ತಾರೆ.

ಇನ್ನೊಂದು ಮೊದಲೇ ಮಾತಾಡಿಕೊಳ್ಳಬೇಕು. ಯಾವುದಕ್ಕೆ ನಿಮಗೆ ಫೋನ್ ಮಾಡಬೇಕು, ಯಾವುದಕ್ಕೆ ಬೇಡ? ಮಂಡಿ ತರಚಿದರೆ ನಾವು ನೋಡಿಕೊಳ್ಳುತ್ತೇವೆ. ಜ್ವರ ಬಂದರೆ ಹೇಳಬೇಕೋ, ಸಂಜೆವರೆಗೆ ನೋಡಬೇಕೋ? ಇದು ತೀರ್ಮಾನ ಆಗಿರದಿದ್ದರೆ ನಾವು ಹೇಳಿದರೂ ತಪ್ಪು, ಹೇಳದಿದ್ದರೂ ತಪ್ಪು. ಮತ್ತೆ ಟೀವಿ ಸ್ವಲ್ಪ ಜಾಸ್ತಿ ನೋಡಿದರೆ, ಊಟ ಅರ್ಧ ಗಂಟೆ ತಡ ಆದರೆ ಬಿಟ್ಟುಬಿಡಿ. ಅಷ್ಟು ದಿನ ಅದು ನಮ್ಮ ಮನೆ.

ಸ್ಟೆಪ್ನಿ:
ಅಜ್ಜಿ_ಮನೆ ಅಮ್ಮ ಹೇಳಿದ ಪಟ್ಟಿಗೆ ಒಂದು ಸೇರಿಸುತ್ತೇನೆ, ಇದನ್ನು ಎಲ್ಲರೂ ಮರೆಯುತ್ತಾರೆ. ಮಕ್ಕಳ ಕಾರ್ ಸೀಟು. ಅದು ನಿಮ್ಮ ಗಾಡಿಯಲ್ಲಿದ್ದು ನಿಮ್ಮ ಜೊತೆ ಖಾಲಿ ಪ್ರಯಾಣ ಮಾಡುತ್ತದೆ, ಅಲ್ಲಿ ತಾತ ಮಗುವನ್ನು ಸ್ಕೂಲಿಗೆ ಬಿಡೋಕೆ ಮಾಮೂಲಿ ಸೀಟಲ್ಲಿ ಕೂರಿಸುತ್ತಾರೆ. ಹೋಗುವ ಮುಂಚೆ ಅವರ ಗಾಡಿಗೆ ಸೀಟು ಕೂರಿಸಿ, ಅವರ ಕೈಯಿಂದಲೇ ಒಂದು ಸಲ ಬಿಚ್ಚಿಸಿ ಹಾಕಿಸಿ. ಎಂಟು ವರ್ಷದವಳಿಗೂ ಬೂಸ್ಟರ್ (ಮಗುವನ್ನು ಬೆಲ್ಟಿನ ಎತ್ತರಕ್ಕೆ ಏರಿಸಿ ಕೂರಿಸುವ ಸೀಟು) ಬೇಕಾಗಬಹುದು, ಇಲ್ಲಿ ವಯಸ್ಸಿಗಿಂತ ಎತ್ತರ ಮುಖ್ಯ. ಯುರೋಪಿನ ಕೆಲವು ದೇಶಗಳಲ್ಲಿ ಮಕ್ಕಳು 135 ಸೆಂಟಿಮೀಟರ್ ಆಗುವ ತನಕ, ಇನ್ನು ಕೆಲವು ಕಡೆ 150 ಆಗುವ ತನಕ ಕಡ್ಡಾಯ. ಬೆಲ್ಟು ಕತ್ತಿನ ಮೇಲೆ ಹಾದರೆ ಮಗು ಇನ್ನೂ ಬೆಲ್ಟಿನ ಎತ್ತರಕ್ಕೆ ಬಂದಿಲ್ಲ ಅಂತ ಅರ್ಥ.

ಗಾಡಿ ವಿಷಯ: ಟೈರಿನ ಗಾಳಿ ಬೆಳಿಗ್ಗೆ ಓಡಿಸುವ ಮುಂಚೆ, ಟೈರು ತಣ್ಣಗಿರುವಾಗ ನೋಡಬೇಕು. ಎಷ್ಟಿರಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರಿನಲ್ಲಿರುತ್ತದೆ. ಟೈರಿನ ಮೇಲೆ ಅಚ್ಚಾಗಿರುವ ಅಂಕಿ ಅದರ ಗರಿಷ್ಠ ಮಿತಿ, ಅಷ್ಟು ತುಂಬಿಸಬಾರದು. ಟೈರಿನ ಗೀರಿನ ಆಳ ಸವೆದು 1.6 ಮಿಲಿಮೀಟರಿಗಿಂತ ಕಡಿಮೆ ಆಗಿದ್ದರೆ ಎಷ್ಟೋ ದೇಶಗಳಲ್ಲಿ ಅದನ್ನು ರಸ್ತೆಗೆ ಇಳಿಸುವಂತಿಲ್ಲ, ಮಳೆಗಾಲದಲ್ಲಂತೂ ಅದಕ್ಕಿಂತ ಮುಂಚೆಯೇ ಬದಲಾಯಿಸಿ. ಸ್ಟೆಪ್ನಿಯಲ್ಲೂ ಗಾಳಿ ನೋಡಿ. ಜ್ಯಾಕು, ಪಾನ ಇದೆಯಾ ನೋಡಿ, ಇಬ್ಬರೂ ಒಂದು ಸಲ ಚಕ್ರ ಬಿಚ್ಚಿ ಹಾಕಿ ಕಲಿತಿರಿ.

ಕಾರಿನ ಮೊದಲ ದೂರ ಪ್ರಯಾಣವೂ ಹೀಗೇ ಕುಟುಂಬದ ಕಥೆ, ಗೊತ್ತಾ? 1888ರ ಆಗಸ್ಟಿನಲ್ಲಿ ಬರ್ಥಾ ಬೆಂಜ್ ತಮ್ಮ ಗಂಡ ಕಾರ್ಲ್ ಬೆಂಜ್ ಮಾಡಿದ ಮೂರು ಚಕ್ರದ ಗಾಡಿಯನ್ನು ಗಂಡನಿಗೆ ಹೇಳದೆ ತೆಗೆದುಕೊಂಡು, ಇಬ್ಬರು ಗಂಡುಮಕ್ಕಳನ್ನು ಜೊತೆಗೆ ಕರೆದುಕೊಂಡು, ಜರ್ಮನಿಯ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತಾಯಿ ಮನೆಗೆ ಹೋದರು. ಸುಮಾರು 100 ಕಿಲೋಮೀಟರ್. ಇಂಧನ ಮುಗಿದಾಗ ದಾರಿಯಲ್ಲಿ ಔಷಧಿ ಅಂಗಡಿಯಲ್ಲಿ ಕೊಂಡರು, ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿಂದ ಚುಚ್ಚಿ ಸರಿ ಮಾಡಿದರು. ತಲುಪಿದ ಮೇಲೆ ಗಂಡನಿಗೆ ತಂತಿ ಕಳಿಸಿದರು. ನನಗೆ ತುಂಬ ಇಷ್ಟವಾದ ಹೆಣ್ಣುಮಗಳು. ಫೋನಿನ ವಿಷಯದಲ್ಲೂ ಅವರದೇ ದಾರಿ ಸರಿ ಅನಿಸುತ್ತದೆ, ಊರು ತಲುಪಿದ ಕೂಡಲೇ ಮನೆಗೆ ಒಂದು ಮೆಸೇಜು, ಅಷ್ಟು ಸಾಕು.

ಪಕ್ಕದ_ಸೀಟು:
ಏನು ಮಾತಾಡೋದು ಅಂತ ಕೇಳಿದ್ದೀರಿ. ನನಗೆ ಈ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು.

ಮೊದಲ ಒಂದು ಗಂಟೆ ವಿಚಿತ್ರವಾಗಿರುತ್ತದೆ, ಅದಕ್ಕೆ ಸಿದ್ಧವಾಗಿರಿ. ಹಿಂದಿನ ಸೀಟಿನಿಂದ ಸದ್ದಿಲ್ಲ, ಇಬ್ಬರೂ ಏನೋ ಮರೆತು ಬಂದವರ ಥರ ಕೂತಿರುತ್ತೀರಿ. ಮಾತು ಹುಡುಕಬೇಡಿ. ಸುಮ್ನೆ ಕೂತಿರಿ. ಕಾರಿನ ಒಳ್ಳೆ ಗುಣ ಅದೇ, ಇಬ್ಬರೂ ಮುಂದೆ ನೋಡುತ್ತಿರುತ್ತೀರಿ, ಎದುರುಬದುರು ಕೂತಾಗ ಬಾರದ ಮಾತು ಪಕ್ಕದಲ್ಲಿ ಕೂತಾಗ ಬರುತ್ತದೆ. ಅರ್ಧಕ್ಕೆ ನಿಲ್ಲಿಸಿದರೂ ನಡೆಯುತ್ತದೆ, ರಸ್ತೆ ನೋಡುತ್ತಾ ಹತ್ತು ನಿಮಿಷ ಬಿಟ್ಟು ಮುಂದುವರಿಸಬಹುದು.

"ಮಕ್ಕಳ ಬಗ್ಗೆ ಮಾತಾಡಬಾರದು" ಅನ್ನುವ ನಿಯಮ ಹಾಕಿಕೊಳ್ಳುವವರಿದ್ದಾರೆ. ನನಗೆ ಅದು ಸರಿ ಕಾಣೋದಿಲ್ಲ. ನಿಮ್ಮಿಬ್ಬರ ನಡುವೆ ಇರುವ ದೊಡ್ಡ ಸಂತೋಷವೇ ಅವರು, ಅವರನ್ನು ಬಿಟ್ಟು ಮಾತಾಡಬೇಕು ಅಂದರೆ ಮಾತು ಕೃತಕ ಆಗುತ್ತದೆ. ಬಿಡಬೇಕಾದ್ದು ಫೀಸು, ಹೋಂವರ್ಕು, ಯಾರು ಕರೆದುಕೊಂಡು ಬರೋದು, ಈ ಲೆಕ್ಕಗಳನ್ನು. ಮಗಳು ಮೊನ್ನೆ ಹೇಳಿದ ಮಾತು ನೆನೆಸಿಕೊಂಡು ನಗುವುದು ಬೇರೆ, ಅವಳ ಬಸ್ಸಿನ ಸಮಯ ಚರ್ಚೆ ಮಾಡೋದು ಬೇರೆ.

ಕಷ್ಟದ ಮಾತು ಇರುತ್ತದೆ. ಹಣ, ಮನೆಯವರು, ಕೆಲಸ, ಹಳೆ ಮುನಿಸು. ಅದನ್ನು ಗಾಡಿ ಓಡುವಾಗ ತೆಗೆಯಬೇಡಿ. 80ರ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ, ಸಿಟ್ಟಿನಲ್ಲಿ ಎರಡು ಸೆಕೆಂಡ್ ಪಕ್ಕಕ್ಕೆ ತಿರುಗಿದರೆ 44 ಮೀಟರ್ ರಸ್ತೆ ನೋಡದೆ ಓಡಿಸಿದ ಹಾಗೆ. ಅದೂ ಅಲ್ಲದೆ ಸ್ಟೇರಿಂಗ್ ಹಿಡಿದವರಿಗೆ ಎದ್ದು ಹೋಗುವ ದಾರಿಯೂ ಇರೋದಿಲ್ಲ. ನಿಲ್ಲಿಸಿ, ಇಳಿದು, ನಡೆಯುತ್ತಾ ಮಾತಾಡಿ. ಫೋನು, ಮ್ಯಾಪು, ಹಾಡು ಎಲ್ಲ ಪಕ್ಕದ ಸೀಟಿನವರ ಕೈಯಲ್ಲಿರಲಿ.

ಮತ್ತೆ ಇಬ್ಬರಿಗೂ ಗೊತ್ತಿಲ್ಲದ ಏನಾದರೂ ಒಂದನ್ನು ಜೊತೆಗೆ ಮಾಡಿ. 2000ದಲ್ಲಿ ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಅವರ ಸಹೋದ್ಯೋಗಿಗಳು ಒಂದು ಪ್ರಯೋಗ ಪ್ರಕಟಿಸಿದರು. ಗಂಡ ಹೆಂಡತಿಯ ಕೈಗೆ ಕೈ, ಕಾಲಿಗೆ ಕಾಲು ಕಟ್ಟಿ, ಹಾಸಿದ ಚಾಪೆಯ ಮೇಲೆ ಅಂಬೆಗಾಲಿಟ್ಟು ಅಡ್ಡ ಇಟ್ಟ ತಡೆ ದಾಟಿಸಿದರು, ಜೊತೆಗೆ ಸ್ಪಂಜಿನ ಒಂದು ದಿಂಬನ್ನು ಕೈ ತಾಗಿಸದೆ ಇಬ್ಬರ ಮಧ್ಯೆ ಹಿಡಿದು ಸಾಗಿಸಬೇಕು. ಏಳು ನಿಮಿಷದ ಆಟ. ಅದನ್ನು ಆಡಿದ ಜೋಡಿಗಳು, ಮಾಮೂಲಿ ನೀರಸ ಕೆಲಸ ಮಾಡಿದ ಜೋಡಿಗಳಿಗಿಂತ ತಮ್ಮ ಸಂಬಂಧದ ಬಗ್ಗೆ ಹೆಚ್ಚು ಸಮಾಧಾನ ಹೇಳಿಕೊಂಡರು. ಹೊಸದು ಮತ್ತು ಸ್ವಲ್ಪ ಮೈ ಬಿಸಿ ಮಾಡುವಂಥದ್ದು, ಅಷ್ಟೇ ಅದರ ಗುಟ್ಟು. ದೋಣಿ ಹುಟ್ಟು ಹಾಕುವುದೋ, ಗೊತ್ತಿಲ್ಲದ ಬೆಟ್ಟ ಹತ್ತುವುದೋ, ಮಣ್ಣಿನ ಪಾತ್ರೆ ಮಾಡೋಕೆ ಕಲಿಯುವುದೋ. ಒಬ್ಬರಿಗೆ ಚೆನ್ನಾಗಿ ಬರುವ ಕೆಲಸ ಬೇಡ, ಆಗ ಒಬ್ಬರು ಮೇಷ್ಟ್ರಾಗುತ್ತಾರೆ.

ಸ್ಟೇರಿಂಗ್_ಹಿಡಿದವ:
ಗಂಡಸರ ಕಡೆಯಿಂದ ಒಂದು ಮಾತು, ಇದು ಮೇಡಂಗಿಂತ ಅವರ ಮನೆಯವರಿಗೆ.

ಇಲ್ಲಿಯವರೆಗೆ ಬಂದ ಪಟ್ಟಿ ನೋಡಿ. ಔಷಧಿ ಚೀಟಿ, ಬಟ್ಟೆ, ಗೊಂಬೆ, ಸರಪಳಿ, ಕಾರ್ ಸೀಟು, ಸ್ಕೂಲಿನ ಡೈರಿ. ಇದೆಲ್ಲ ಯಾರು ಮಾಡುತ್ತಾರೆ? ನಾವು ರೂಮ್ ಬುಕ್ ಮಾಡಿ, ಗಾಡಿ ತೊಳೆದು, ಎಲ್ಲ ರೆಡಿ ಅನ್ನುತ್ತೇವೆ. ಅವರು ಹಿಂದಿನ ರಾತ್ರಿ ಎರಡು ಗಂಟೆವರೆಗೆ ಬ್ಯಾಗ್ ತುಂಬುತ್ತಾರೆ. ಹೊರಟ ಮೇಲೂ ತಲೆಯಲ್ಲಿ ಅದೇ ಓಡುತ್ತಿರುತ್ತದೆ. ಹಾಗೆ ಹೊರಟವರು ಹೇಗೆ ಹಗುರಾಗುತ್ತಾರೆ ಹೇಳಿ.

ಆದ್ದರಿಂದ ಮಕ್ಕಳ ಕಡೆಯ ಪೂರ್ತಿ ತಯಾರಿ ಈ ಸಲ ಗಂಡನ ಪಾಲಿಗಿರಲಿ. ಹೆಂಡತಿ ಹೇಳಿ ಬರೆಸಿಕೊಳ್ಳುವುದಲ್ಲ, ತಾನೇ ನೋಡಿ ಬರೆಯುವುದು. ಮಗು ಯಾವಾಗ ಮಲಗುತ್ತದೆ, ಯಾವ ತಟ್ಟೆಯಲ್ಲಿ ಊಟ ಮಾಡುತ್ತದೆ, ರಾತ್ರಿ ಎದ್ದರೆ ಏನು ಮಾಡಿದರೆ ಮತ್ತೆ ಮಲಗುತ್ತದೆ. ಅವರ ಅಪ್ಪ ಅಮ್ಮನ ಮನೆಗೇ ತಾನೇ ಮಕ್ಕಳು ಹೋಗೋದು, ಹೇಳಿ ಕೊಡೋದು ಅವರಿಗೇ ಸುಲಭ. ನನ್ನ ಪ್ರಕಾರ ವಾರ್ಷಿಕೋತ್ಸವಕ್ಕೆ ಇದಕ್ಕಿಂತ ಒಳ್ಳೆ ಉಡುಗೊರೆ ಇಲ್ಲ.

ಮನೆ_ಮೊದಲು:
ಈ ಮಾತು ನನಗೂ ಹಿಡಿಸಿತು. ವಯಸ್ಸಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಒಂದು ರಾತ್ರಿ ಅಭ್ಯಾಸ ಮಾಡಿ ನೋಡಿ ಅನ್ನುವ ಸಲಹೆ ಒಳ್ಳೆಯದು. ಆ ರಾತ್ರಿ ತುಂಬ ಕಷ್ಟ ಆದರೆ ಹತ್ತಿರದ ಜಾಗಕ್ಕೆ, ಕಡಿಮೆ ದಿನಕ್ಕೆ ಹೋಗಿ ಬನ್ನಿ. ಒಂದೆರಡು ಗಂಟೆಯಲ್ಲಿ ವಾಪಸ್ ಬರುವಷ್ಟು ದೂರದಲ್ಲಿದ್ದರೆ ನಿಮಗೂ ಧೈರ್ಯ.

ಕಿಟಕಿ_ಸೀಟು:
ಎಲ್ಲರಿಗೂ ತುಂಬ ಧನ್ಯವಾದ. ಇಷ್ಟು ಬಿಡಿಸಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ನಮ್ಮ ತೀರ್ಮಾನ ಹೇಳುತ್ತೇನೆ. ಮ್ಯಾಪಿನಲ್ಲಿ ನಾಲ್ಕು ಗಂಟೆಗಿಂತ ಕಡಿಮೆ ತೋರಿಸುವ ಒಂದೇ ಊರು, ಅಲ್ಲೇ ಎಲ್ಲ ರಾತ್ರಿಗಳು. ಬೆಳಿಗ್ಗೆ ತಿಂಡಿ ತಿಂದು, ಮಕ್ಕಳಿಗೆ ಕೈ ಬೀಸಿ ಹೊರಡೋದು. ಹೋಗುವಾಗ ಅರ್ಧ ದಾರಿ ನಾನು ಓಡಿಸುತ್ತೇನೆ. ಈ ಶನಿವಾರ ಮಕ್ಕಳು ಅಜ್ಜಿ ಮನೆಯಲ್ಲಿ ಮಲಗಿ ಅಭ್ಯಾಸ. ಸ್ಟೇರಿಂಗ್ ಸರ್ ಬರೆದಿದ್ದನ್ನು ಇವರಿಗೆ ಕೊಟ್ಟೆ, ಪೆನ್ನು ತೆಗೆದುಕೊಂಡು ಕೂತಿದ್ದಾರೆ, ಮಗನ ಚಪ್ಪಲಿ ಸೈಜಿನಿಂದ ಶುರು ಮಾಡಿದ್ದಾರೆ. ಅತ್ತೆಗೆ ಯಾವುದಕ್ಕೆಲ್ಲ ಫೋನ್ ಮಾಡಬೇಕು ಅಂತ ಕೇಳಿದರೆ, "ಆಸ್ಪತ್ರೆಗೆ ಹೋಗುವಂಥದ್ದಾದರೆ ಮಾಡುತ್ತೇನೆ, ಇಲ್ಲದಿದ್ದರೆ ನೀನೂ ಮಾಡಬೇಡ" ಅಂದರು.

ಇನ್ನೊಂದೇ ಪ್ರಶ್ನೆ ಉಳಿದಿದೆ. ವಾಪಸ್ ಬಂದಾಗ ಹೇಗಿರುತ್ತದೆ?

ಇಬ್ಬರ_ಅಮ್ಮ:
ಒಳ್ಳೆ ಪ್ರಶ್ನೆ ಅಕ್ಕ. ರಾತ್ರಿ ಮಲಗುವ ಹೊತ್ತಿಗೆ ಬಂದು ತಲುಪಬೇಡಿ, ಮಧ್ಯಾಹ್ನದ ಒಳಗೆ ಬನ್ನಿ. ಚಿಕ್ಕವನು ಓಡಿ ಬಂದು ಅಪ್ಪಿಕೊಳ್ಳಬಹುದು, ಅಥವಾ ಮುಖ ತಿರುಗಿಸಿ ಅಜ್ಜಿ ಹಿಂದೆ ಅಡಗಬಹುದು. ಎರಡನೆಯದು ಆದರೆ ಎದೆ ಒಡೆದುಕೊಳ್ಳಬೇಡಿ. ನಿಮ್ಮನ್ನು ಎಷ್ಟು ನೆನೆಸಿಕೊಂಡಿದ್ದ ಅನ್ನುವುದನ್ನು ಆ ವಯಸ್ಸಿನವರು ಹಾಗೂ ತೋರಿಸುತ್ತಾರೆ. ಎತ್ತಿಕೊಳ್ಳೋಕೆ ಆತುರ ಬೇಡ, ನೆಲದ ಮೇಲೆ ಕೂತು ದೊಡ್ಡವಳ ಚಿತ್ರ ನೋಡುತ್ತಿರಿ, ತಾನಾಗಿ ಬರುತ್ತಾನೆ. ಆಮೇಲೆ ಒಂದೆರಡು ದಿನ ನಿಮ್ಮನ್ನು ಬಿಟ್ಟು ಅಲ್ಲಾಡೋದಿಲ್ಲ, ರಾತ್ರಿ ಪಕ್ಕದಲ್ಲೇ ಮಲಗುತ್ತೇನೆ ಅನ್ನಬಹುದು, ಅದೂ ಸಹಜ. ಅದಕ್ಕೆ ಮರುದಿನವೇ ಆಫೀಸಿಗೆ ಹೋಗುವ ಹಾಗೆ ಇಟ್ಟುಕೊಳ್ಳಬೇಡಿ, ಒಂದು ದಿನ ರಜೆ ಉಳಿಸಿಕೊಳ್ಳಿ.

ಕಿಟಕಿ_ಸೀಟು:
ರಜೆ ಒಂದು ದಿನ ಹೆಚ್ಚಿಗೆ ಹಾಕಿ ಈಗಷ್ಟೇ ಮೇಲ್ ಕಳಿಸಿದೆ. ಇವರೂ ಹಾಕುತ್ತಿದ್ದಾರೆ.